ಓಲೆಯಿಂದ ಅಚ್ಚಿಗೆ: ಸಿದ್ಧಾಂತಗ್ರಂಥಗಳ ಪ್ರಸಾರದಲ್ಲಿ ಶ್ರಾವಿಕೆಯರು

1

ಕನ್ನಡ ಗ್ರಂಥಮುದ್ರಣದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ 1817ರಲ್ಲಿ ಸೆರಾಂಪುರದಲ್ಲಿ ಅಚ್ಚಾದ ವಿಲಿಯಂ ಕೇರಿಯ ಕನ್ನಡ ವ್ಯಾಕರಣದಿಂದ ಆರಂಭಿಸುತ್ತಾರೆ. ಅಲ್ಲಿಂದ 1841ರಲ್ಲಿ ಮಂಗಳೂರಿನಲ್ಲಿ ನೆಲೆಗೊಂಡ ಬಾಸೆಲ್ ಮಿಷನ್ನಿನ ಅಚ್ಚುಕೂಟಕ್ಕೂ, 1843ರ 'ಮಂಗಳೂರ ಸಮಾಚಾರ'ಕ್ಕೂ, ಬಳಿಕ ಮೈಸೂರು, ಬೆಂಗಳೂರುಗಳ ಮುದ್ರಣಾಲಯಗಳಿಗೂ ಬರುತ್ತಾರೆ. ಈ ಚರಿತ್ರೆಯಲ್ಲಿ ಪಾದ್ರಿಗಳಿದ್ದಾರೆ, ಅಧಿಕಾರಿಗಳಿದ್ದಾರೆ, ಪಂಡಿತರಿದ್ದಾರೆ, ಮೊಳೆ ಎರಕ ಹೊಯ್ದ ಕುಶಲಕರ್ಮಿಗಳೂ ಇದ್ದಾರೆ. ಸ್ತ್ರೀಯರ ಹೆಸರು ಕಾಣುವುದು ಬಹು ತಡವಾಗಿ. 20ನೆಯ ಶತಮಾನದ ಎರಡನೆಯ ದಶಕದಲ್ಲಿ ನಂಜನಗೂಡು ತಿರುಮಲಾಂಬ (1887-1982) ಅವರು ತಮ್ಮ ಗ್ರಂಥಮಾಲೆಯನ್ನು ಆರಂಭಿಸಿದ ಮೇಲೆ, 1921ರಲ್ಲಿ ಆರ್. ಕಲ್ಯಾಣಮ್ಮನವರು 'ಸರಸ್ವತಿ' ಪತ್ರಿಕೆಯನ್ನು ಹೊರಡಿಸಿದ ಮೇಲೆ, ಆ ಚರಿತ್ರೆಯ ಪುಟಗಳಲ್ಲಿ ಮಹಿಳೆಗೆ ಸ್ಥಾನ ದೊರೆಯಿತು. ಅದಕ್ಕೆ ಹಿಂದಿನ ಕಾಲವನ್ನು ಪುರುಷರದೇ ಎಂದು ಎಣಿಸುವುದು ರೂಢಿಯಾಗಿದೆ.

ಈ ರೂಢಿಯು ಮುದ್ರಣವೆಂದರೆ ಯಂತ್ರವೆಂದು ಮಾತ್ರ ತಿಳಿದುದರ ಫಲ. ಒಂದು ಗ್ರಂಥವು ಒಬ್ಬನ ಪೆಟ್ಟಿಗೆಯಿಂದ ಹೊರಬಂದು ಹಲವರ ಕೈಸೇರುವುದು ಮುದ್ರಣದ ಪ್ರಯೋಜನ. ಯಂತ್ರವು ಈ ಪ್ರಯೋಜನಕ್ಕೆ ಸಾಧನ. ಆ ಪ್ರಯೋಜನದ ದೃಷ್ಟಿಯಿಂದ ನೋಡಿದರೆ ಚರಿತ್ರೆಯ ಆರಂಭವೂ ಅದರ ಪಾತ್ರಗಳೂ ಬೇರೆಯಾಗುತ್ತವೆ. ಜಪಾನಿನಲ್ಲಿ ಸುಮಾರು 764ರಿಂದ 770ರ ಅವಧಿಯಲ್ಲಿ ಸಾಮ್ರಾಜ್ಞಿ ಶೋತೋಕುವು ಹತ್ತು ಲಕ್ಷ ಕಿರುಸ್ತೂಪಗಳನ್ನು ಮಾಡಿಸಿ, ಅವುಗಳಲ್ಲಿ ಅಚ್ಚೊತ್ತಿದ ಧಾರಣಿಗಳನ್ನು ಇರಿಸಿದಳೆಂಬುದು ಮುದ್ರಣೇತಿಹಾಸಜ್ಞರಿಗೆ ವಿದಿತವಾದ ಸಂಗತಿ. ಲೋಕದಲ್ಲಿ ಉಳಿದಿರುವ ಅತ್ಯಂತ ಹಳೆಯ ಮುದ್ರಿತ ಪತ್ರಗಳಲ್ಲಿ ಅವು ಸೇರಿವೆ. ಅವನ್ನು ಮಾಡಿಸಿದ ಹೆಂಗಸಿನ ಉದ್ದೇಶ ಪುಣ್ಯಸಂಪಾದನೆ. ಯುರೋಪಿನಲ್ಲಿ ಅಚ್ಚುಕಲೆ ಇನ್ನೂ ಎಳೆಯದಾಗಿದ್ದಾಗ, 1476ರಿಂದ 1484ರವರೆಗೆ, ಫ್ಲಾರೆನ್ಸ್ ನಗರದ ಸಾನ್ ಯಾಕೊಪೊ ದಿ ರಿಪೋಲಿ ಎಂಬ ಮಠದ ಅಚ್ಚುಕೂಟದಲ್ಲಿ ಸನ್ಯಾಸಿನಿಯರು ಮೊಳೆ ಜೋಡಿಸಿದರು. ಹೀಗೆ ಪುಸ್ತಕವನ್ನು ಬಹುಮುಖವಾಗಿಸುವ ಕಾರ್ಯದಲ್ಲಿ ಸ್ತ್ರೀಯರು ಮೊದಲಿನಿಂದಲೂ ಇದ್ದರು. ಅವರನ್ನು ಹುಡುಕಬೇಕಾದ ಸ್ಥಳದಲ್ಲಿ ಹುಡುಕಿಲ್ಲವಷ್ಟೇ.

ಜೈನ ಪರಂಪರೆಯಲ್ಲಿ ಆ ಸ್ಥಳವೆಂದರೆ ಗ್ರಂಥದ ಕೊನೆಯ ಗರಿ. ಅಲ್ಲಿ ಬರೆದವನ ಹೆಸರಿನೊಡನೆ ಬರೆಯಿಸಿದವರ ಹೆಸರೂ, ಯಾವ ವ್ರತದ ನಿಮಿತ್ತ ಬರೆಯಿಸಿ ಯಾವ ಮುನಿಗೆ ಕೊಟ್ಟರೆಂಬುದೂ ಇರುತ್ತದೆ. ಷಟ್ಖಂಡಾಗಮ ಮತ್ತು ಅದರ ಟೀಕೆಗಳು ಓಲೆಯಿಂದ ಅಚ್ಚಿಗೆ ಬಂದ ದಾರಿಯನ್ನು ಅಂತಹ ಸಾಕ್ಷ್ಯಗಳ ಬೆಳಕಿನಲ್ಲಿ ನೋಡಿ, ಆ ದಾರಿಯ ಮುಖ್ಯ ತಿರುವುಗಳಲ್ಲಿ ಶ್ರಾವಿಕೆಯರು ನಿಂತಿದ್ದಾರೆಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನವು ಗ್ರಂಥಪ್ರಸಾರದ ಮೂಲ. ಇದನ್ನು ಕನ್ನಡನಾಡಿನಲ್ಲಿ ಅಪೂರ್ವವಾದ ಪ್ರಮಾಣದಲ್ಲಿ ನಡೆಸಿದವಳು ದಾನಚಿಂತಾಮಣಿ ಅತ್ತಿಮಬ್ಬೆ. ಆಕೆ ಮಲ್ಲಪಯ್ಯನ ಮಗಳು, ಚಾಲುಕ್ಯ ಸೇನಾನಿ ನಾಗದೇವನ ಪತ್ನಿ, ಪಡೆವಳ ತೈಲನ ತಾಯಿ. ನಾಗದೇವನು ತೀರಿಕೊಂಡಾಗ ಆಕೆಯ ತಂಗಿಯೂ ಸವತಿಯೂ ಆಗಿದ್ದ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಉಳಿದು, ವ್ರತನಿಷ್ಠೆಯಲ್ಲಿಯೂ ದಾನದಲ್ಲಿಯೂ ತನ್ನ ಬಾಳನ್ನು ಸವೆಯಿಸಿದಳು. 993ರಲ್ಲಿ ರನ್ನನು ಅಜಿತಪುರಾಣವನ್ನು ರಚಿಸಿದ್ದು ಆಕೆಯ ಆಶ್ರಯದಲ್ಲಿ. 1007ರ ಲಕ್ಕುಂಡಿಯ ಶಾಸನ ಆಕೆ ಕಟ್ಟಿಸಿದ ಬಸದಿಯ ವಿಷಯವನ್ನು ಹೇಳುತ್ತದೆ.

ಆಕೆ ಪೊನ್ನನ ಶಾಂತಿಪುರಾಣದ ಒಂದು ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಕನ್ನಡ ಸಾಹಿತ್ಯಚರಿತ್ರೆಯ ಪ್ರಸಿದ್ಧ ಸಂಗತಿ. ಪ್ರಸಿದ್ಧವಾಗಿರುವುದರಿಂದಲೇ ಇದರ ಅರ್ಥವನ್ನು ಯಾರೂ ನಿಂತು ವಿಚಾರಿಸುವುದಿಲ್ಲ. ಶಾಂತಿಪುರಾಣ 12 ಆಶ್ವಾಸಗಳ ಚಂಪೂಕಾವ್ಯ. ಒಂದು ಪ್ರತಿಗೆ ನೂರು ಗರಿಗಳೆಂದು ಹಿಡಿದರೂ ಸಾವಿರ ಪ್ರತಿಗಳಿಗೆ ಒಂದು ಲಕ್ಷ ಗರಿಗಳಾಗುತ್ತವೆ. ಅಷ್ಟು ಗರಿಗಳನ್ನು ತರಿಸಿ, ಹದಗೊಳಿಸಿ, ಒಂದೇ ಅಳತೆಗೆ ಕತ್ತರಿಸಿ, ತೂತು ಕೊರೆಯಬೇಕು. ಬಲ್ಲ ಲಿಪಿಕಾರರನ್ನು ಕಲೆಹಾಕಿ ಅವರಿಗೆ ಅಶನವಸನಗಳನ್ನೂ ಸಂಭಾವನೆಯನ್ನೂ ಒದಗಿಸಬೇಕು. ಬರೆದುದನ್ನು ಮಾತೃಕೆಯೊಡನೆ ಓದಿಸಿ ತಿದ್ದಿಸಬೇಕು. ಹಲಗೆಗಳ ನಡುವೆ ಇಟ್ಟು ದಾರ ಪೋಣಿಸಿ ಕಟ್ಟಬೇಕು. ಅನಂತರ ಬಸದಿ ಬಸದಿಗೂ, ಊರು ಊರಿಗೂ ಕಳುಹಿಸಬೇಕು. ಇದನ್ನೆಲ್ಲ ಒಬ್ಬರ ಸಂಕಲ್ಪದ ಮೇಲೆ, ಒಂದೇ ಗ್ರಂಥಕ್ಕಾಗಿ ನಡೆಸುವುದು ಪ್ರಕಾಶನವಲ್ಲದೆ ಬೇರೆಯಲ್ಲ. ಮೊಳೆಯೂ ಯಂತ್ರವೂ ಇಲ್ಲದಿದ್ದುದು ನಿಜ. ಆದರೆ ಬಂಡವಾಳ, ಕೆಲಸಗಾರರ ವ್ಯವಸ್ಥೆ, ಪಾಠಶುದ್ಧಿ, ವಿತರಣೆ ಎಂಬ ಪ್ರಕಾಶನದ ನಾಲ್ಕು ಅಂಗಗಳೂ ಅಲ್ಲಿದ್ದವು.

ಆರಿಸಿಕೊಂಡ ಗ್ರಂಥವೂ ಗಮನಾರ್ಹ. ಶಾಂತಿಪುರಾಣವನ್ನು ಪೊನ್ನನಿಂದ ಬರೆಯಿಸಿದವರು ಅತ್ತಿಮಬ್ಬೆಯ ತಂದೆ ಮಲ್ಲಪಯ್ಯ ಮತ್ತು ಆತನ ಸೋದರ ಪುನ್ನಮಯ್ಯ. ತಮ್ಮ ಗುರು ಜಿನಚಂದ್ರದೇವರ ಸ್ಮರಣೆಗಾಗಿ ಅವರು ಆ ಕಾರ್ಯವನ್ನು ಮಾಡಿದರು. ತಂದೆ ಬರೆಯಿಸಿದ ಗ್ರಂಥವನ್ನು ಮಗಳು ಸಾವಿರವಾಗಿಸಿದಳು. ಗ್ರಂಥವೊಂದು ಹುಟ್ಟಿದ ಮಾತ್ರಕ್ಕೆ ಉಳಿಯುವುದಿಲ್ಲ, ಅದನ್ನು ಉಳಿಸುವವರು ಬೇರೆ ಬೇಕು ಎಂಬ ಅರಿವು ಈ ಕಾರ್ಯದಲ್ಲಿದೆ. ಆ ಅರಿವಿನ ಯಥಾರ್ಥತೆಯನ್ನು ಕಾಲವೇ ತೋರಿಸಿದೆ. 10ನೆಯ ಶತಮಾನದ ಕನ್ನಡ ಓಲೆಪ್ರತಿ ಯಾವುದೂ ಇಂದು ಉಳಿದಿಲ್ಲ. ಆ ಸಾವಿರ ಪ್ರತಿಗಳೂ ಹುಳು, ನೀರು, ಬೆಂಕಿಗಳಿಗೆ ಸಂದವು. ಆದರೆ ಪ್ರತಿಯ ಪ್ರತಿಯಾಗಿ ಸಾಗಿಬಂದ ಕಾವ್ಯ ಅಚ್ಚಿನವರೆಗೂ ತಲಪಿತು.

ರನ್ನನು ಅತ್ತಿಮಬ್ಬೆಯ ನಡತೆಯ ಪಾವಿತ್ರ್ಯವನ್ನು ಹೇಳುವಾಗ ಕೊಪಣಾಚಲವನ್ನು ಉಪಮಾನವಾಗಿ ತಂದಿದ್ದಾನೆ. ಕೊಪಣವೆಂದರೆ ಇಂದಿನ ಕೊಪ್ಪಳ, 1997ರವರೆಗೆ ರಾಯಚೂರು ಜಿಲ್ಲೆಗೆ ಸೇರಿದ್ದ ಮಹಾತೀರ್ಥ. ಕೃಷ್ಣಾ ತುಂಗಭದ್ರೆಗಳ ನಡುವಿನ ಎಡೆದೊರೆ ನಾಡು ಅದರ ಮಗ್ಗುಲಲ್ಲಿಯೇ ಇದೆ. ಮಸ್ಕಿ, ಲಿಂಗಸುಗೂರು, ಸಿಂಧನೂರು, ಸಾಲಗುಂದಗಳ ಎರೆಭೂಮಿ ಆ ನಾಡಿನದು. ಕೊಪಣದ ತೀರ್ಥಮಹಿಮೆಯನ್ನೂ ಲೊಕ್ಕಿಗುಂಡಿಯ ದಾನಕೀರ್ತಿಯನ್ನೂ ಬಲ್ಲ ಸೀಮೆಯಿದು. ಇಲ್ಲಿಯ ಗ್ರಂಥಸಂಪತ್ತಿನ ಶೋಧನೆಗೆ ಈ ಸಂಬಂಧ ಏಕೆ ಮುಖ್ಯವೆಂಬುದು ಲೇಖನದ ಕೊನೆಗೆ ವ್ಯಕ್ತವಾಗುತ್ತದೆ.

3

ಪುರಾಣಕಾವ್ಯದಿಂದ ಸಿದ್ಧಾಂತಗ್ರಂಥಗಳ ಕಡೆಗೆ ತಿರುಗಿದಾಗ ಸಾಕ್ಷ್ಯ ಇನ್ನೂ ನೇರವಾಗಿದೆ. ಧರಸೇನಾಚಾರ್ಯರಿಂದ ಶ್ರುತವನ್ನು ಪಡೆದ ಪುಷ್ಪದಂತ, ಭೂತಬಲಿ ಆಚಾರ್ಯರು ಷಟ್ಖಂಡಾಗಮವನ್ನು ರಚಿಸಿದರು. ಗ್ರಂಥವು ಪುಸ್ತಕಾರೂಢವಾದ ಜ್ಯೇಷ್ಠ ಶುಕ್ಲ ಪಂಚಮಿಯಂದು ಸಂಘವು ಅದನ್ನು ಪೂಜಿಸಿತೆಂಬುದು ಶ್ರುತಪಂಚಮಿಯ ಮೂಲ. ವೀರಸೇನಾಚಾರ್ಯರ ಧವಲಾ ಟೀಕೆ 72,000 ಶ್ಲೋಕಪ್ರಮಾಣದ್ದು. ಕಸಾಯಪಾಹುಡದ ಮೇಲೆ ಅವರು ಆರಂಭಿಸಿ ಜಿನಸೇನರು ಮುಗಿಸಿದ ಜಯಧವಲಾ 60,000 ಶ್ಲೋಕಪ್ರಮಾಣದ್ದು. ಷಟ್ಖಂಡಾಗಮದ ಆರನೆಯ ಖಂಡವಾದ ಮಹಾಬಂಧವು ಜನರ ಬಾಯಲ್ಲಿ ಮಹಾಧವಲವೆನಿಸಿದೆ. ಇಷ್ಟು ವಿಸ್ತಾರವಾದ ಗ್ರಂಥಗಳನ್ನು ನಕಲು ಮಾಡಿಸುವುದು ಸಾಮಾನ್ಯರಿಗೆ ಆಗುವ ಕೆಲಸವಲ್ಲ. ಇವುಗಳ ಪ್ರಾಚೀನ ತಾಡಪತ್ರಪ್ರತಿಗಳು ಉಳಿದುದು ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಮಾತ್ರ. ಭಾಷೆ ಪ್ರಾಕೃತ ಸಂಸ್ಕೃತಗಳಾದರೂ ಲಿಪಿ ಹಳಗನ್ನಡ. ಶ್ರೀತಾಳದ ಗರಿಗಳ ಮೇಲೆ ಮಸಿಯಿಂದ ಬರೆದ ಈ ಪ್ರತಿಗಳಲ್ಲಿ ಚಿತ್ರಲಿಖಿತ ಗರಿಗಳೂ ಇವೆ.

ಇವನ್ನು ಬರೆಯಿಸಿದವರು ಯಾರು? ಧವಲಾಪ್ರತಿಯ ಪ್ರಶಸ್ತಿ ದೇಮಿಯಕ್ಕನ ಹೆಸರನ್ನು ಹೇಳುತ್ತದೆ. ಆಕೆ ಮಂಡಲಿನಾಡಿನ ಭುಜಬಲಗಂಗ ಪೆರ್ಮಾಡಿದೇವನ ಅತ್ತೆ. ಶ್ರುತಪಂಚಮಿಯ ನೋಂಪಿಯನ್ನು ನೋಂತು, ಅದರ ಉದ್ಯಾಪನೆಯ ಕಾಲದಲ್ಲಿ ಗ್ರಂಥವನ್ನು ಬರೆಯಿಸಿ ಬನ್ನಿಕೆರೆಯ ಉತ್ತುಂಗ ಚೈತ್ಯಾಲಯದ ಶುಭಚಂದ್ರ ಸಿದ್ಧಾಂತದೇವರಿಗೆ ಸಮರ್ಪಿಸಿದಳು. ಶ್ರವಣಬೆಳಗೊಳದ ಶಾಸನದಂತೆ ಶುಭಚಂದ್ರದೇವರು 1123ರಲ್ಲಿ ಸಮಾಧಿಮರಣವನ್ನು ಪಡೆದರು. ಆದುದರಿಂದ ಈ ದಾನ ಆ ವರ್ಷಕ್ಕೆ ಹಿಂದಿನದು. ಅದೇ ಕ್ಷೇತ್ರದ ಇನ್ನೊಂದು ಶಾಸನ ಅದೇ ಗುರುಗಳ ಶಿಷ್ಯೆಯೂ ಚತುರ್ವಿಧ ದಾನನಿರತೆಯೂ ಆಗಿದ್ದ ದೇಮತಿಯೆಂಬವಳನ್ನು ಕೊಂಡಾಡುತ್ತದೆ. ಇಬ್ಬರೂ ಒಬ್ಬಳೇ ಆಗಿರಬಹುದೆಂದು ಡಾ. ಹೀರಾಲಾಲ ಜೈನರು ಊಹಿಸಿದ್ದಾರೆ. ಊಹೆ ನಿಲ್ಲಲಿ, ಬಿಡಲಿ, ಪ್ರಶಸ್ತಿಯಲ್ಲಿರುವ ದೇಮಿಯಕ್ಕನ ಹೆಸರಿಗೆ ಅದರಿಂದ ಬಾಧೆಯಿಲ್ಲ.

ಮಹಾಬಂಧದ ಪ್ರತಿಯಲ್ಲಿಯೂ ಇದೇ ಬಗೆಯ ಸಂಗತಿಯಿದೆ. ಅದನ್ನು ಬರೆಯಿಸಿದವಳು ಮಲ್ಲಿಕಬ್ಬೆ. ನಿಮಿತ್ತ ಶ್ರೀಪಂಚಮಿಯ ಉದ್ಯಾಪನೆ. ಸ್ವೀಕರಿಸಿದವರು ಮಾಘನಂದಿ ಯತಿಪತಿಗಳು. ಎರಡು ಪ್ರತಿಗಳಲ್ಲಿ ದಾನಿ, ವ್ರತ, ಪಾತ್ರ ಎಂಬ ಮೂರೂ ಒಂದೇ ಕ್ರಮದಲ್ಲಿ ಕಾಣಿಸಿಕೊಳ್ಳುವುದು ಆಕಸ್ಮಿಕವೆನಿಸದು. ವ್ರತ ತೊಟ್ಟವರು ಅದರ ಕೊನೆಗೆ ಶಾಸ್ತ್ರವನ್ನು ಬರೆಯಿಸಿ ಕೊಡಬೇಕೆಂಬ ವಿಧಿಯಿದ್ದ ಕಡೆ, ಒಂದೊಂದು ಉದ್ಯಾಪನೆಯೂ ಒಂದೊಂದು ಹೊಸ ಪ್ರತಿಗೆ ಕಾರಣವಾಗುತ್ತದೆ. ನೋಂಪಿಗಳನ್ನು ನಡೆಸಿಕೊಂಡು ಬಂದವರಲ್ಲಿ ಶ್ರಾವಿಕೆಯರ ಪಾಲು ದೊಡ್ಡದು. ಹೀಗಾಗಿ ಹೆಂಗಸರ ವ್ರತಾಚರಣೆಯೇ ಗ್ರಂಥಗಳ ಪುನರ್ಲೇಖನಕ್ಕೆ ಒಂದು ನಿಯತವಾದ ವ್ಯವಸ್ಥೆಯಾಗಿತ್ತು. ಪಂಡಿತರು ಗ್ರಂಥವನ್ನು ತಿಳಿದರು, ಮುನಿಗಳು ಪಾಲಿಸಿದರು. ಆದರೆ ಹಳೆಯ ಗರಿ ಮುರಿಯುವ ಮೊದಲು ಹೊಸ ಗರಿ ಸಿದ್ಧವಾಗುವಂತೆ ನೋಡಿಕೊಂಡದ್ದು ಈ ವ್ಯವಸ್ಥೆ. ಇದಿಲ್ಲದಿದ್ದರೆ ಅಚ್ಚಿನ ಕಾಲಕ್ಕೆ ಅಚ್ಚು ಹಾಕಲು ಗ್ರಂಥವೇ ಇರುತ್ತಿರಲಿಲ್ಲ.

4

ಸುಮಾರು ಏಳೆಂಟು ಶತಮಾನಗಳ ಬಳಿಕ ಈ ಓಲೆಗಳ ಚರಿತ್ರೆ ಹೊಸ ತಿರುವನ್ನು ಪಡೆಯಿತು. 19ನೆಯ ಶತಮಾನದ ಕೊನೆಯ ವೇಳೆಗೆ ಸಿದ್ಧಾಂತಗ್ರಂಥಗಳು ಅಧ್ಯಯನದ ವಸ್ತುವಾಗಿರುವುದಕ್ಕಿಂತ ದರ್ಶನದ ವಸ್ತುವಾಗಿದ್ದವು. ಯಾತ್ರಿಕರು ಮೂಡಬಿದಿರೆಗೆ ಬಂದು ರತ್ನಬಿಂಬಗಳೊಡನೆ ಇವನ್ನೂ ಕಂಡು ಕೈಮುಗಿದು ಹೋಗುತ್ತಿದ್ದರು. ಮುಂಬಯಿಯ ಸೇಠ್ ಮಾಣಿಕಚಂದ್ರರೂ ಸೊಲ್ಲಾಪುರದ ಸೇಠ್ ಹೀರಾಚಂದ ನೇಮಚಂದರೂ ಇಂತಹ ಯಾತ್ರೆಗಳಲ್ಲಿ ಈ ಗ್ರಂಥಗಳನ್ನು ಕಂಡು, ಜೀರ್ಣವಾಗುತ್ತಿರುವ ಗರಿಗಳ ನಕಲು ಆಗಲೇಬೇಕೆಂದು ನಿಶ್ಚಯಿಸಿದರು. 1896ರಲ್ಲಿ ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳು ನಕಲಿನ ಕೆಲಸವನ್ನು ಆರಂಭಿಸಿದರು. ಮಿರಜಿನ ಗಜಪತಿ ಉಪಾಧ್ಯಾಯರು ಅವರಿಗೆ ಜೊತೆಯಾದರು. ಬ್ರಹ್ಮಸೂರಿ ಶಾಸ್ತ್ರಿಗಳ ದೇಹಾಂತವಾದ ಮೇಲೆ ಗಜಪತಿಗಳೇ ದೇವನಾಗರಿಯಲ್ಲಿ ನಕಲನ್ನು ಮುಂದುವರಿಸಿದರು. ಮೂಡಬಿದಿರೆಯವರಾದ ದೇವರಾಜ ಸೇಠಿ, ಶಾಂತಪ್ಪ ಉಪಾಧ್ಯಾಯ, ಬ್ರಹ್ಮಯ್ಯ ಇಂದ್ರ ಮುಂತಾದವರು ಕನ್ನಡ ಲಿಪಿಯಲ್ಲಿ ಬರೆದರು. ಮೂರು ಗ್ರಂಥಗಳ ನಕಲು ಮುಗಿಯುವ ಹೊತ್ತಿಗೆ 1922 ಆಗಿತ್ತು. 26 ವರ್ಷಗಳ ದುಡಿಮೆ ಅದು. ಈ ನಕಲುಗಳೂ ಮೂಡಬಿದಿರೆಯಿಂದ ಹೊರಗೆ ಹೋಗಕೂಡದೆಂಬುದು ಅಲ್ಲಿಯ ನಿಬಂಧನೆಯಾಗಿತ್ತು.

ಆ ನಿಬಂಧನೆಯ ಹಿನ್ನೆಲೆಯನ್ನು ಸಹಾನುಭೂತಿಯಿಂದ ತಿಳಿಯಬೇಕು. ಶಾಸ್ತ್ರವನ್ನು ಅಚ್ಚು ಹಾಕಿದರೆ ಅವಿನಯವಾಗುತ್ತದೆಂಬ ಭಾವನೆ ಆಗ ಸಮಾಜದಲ್ಲಿ ಪ್ರಬಲವಾಗಿತ್ತು. ಶುಚಿಯಿಲ್ಲದ ಕೈಗಳು, ಯಂತ್ರದಲ್ಲಿ ಬಳಸುವ ಪ್ರಾಣಿಜನ್ಯ ವಸ್ತುಗಳು, ಅಂಗಡಿಯಲ್ಲಿ ಜಿನವಾಣಿಯ ವಿಕ್ರಯ ಇವೆಲ್ಲ ಧರ್ಮಭೀರುಗಳಿಗೆ ಸಹಿಸದಾಗಿದ್ದವು. ಸಿದ್ಧಾಂತಗ್ರಂಥಗಳ ಪಠನದ ಅಧಿಕಾರದ ಪ್ರಶ್ನೆಯೂ ಇತ್ತು. ಇದನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಆದರೆ ಉಳಿದೆಡೆಗಳಲ್ಲಿ ಕಳೆದುಹೋದುದನ್ನು ಎಂಟು ನೂರು ವರ್ಷ ಉಳಿಸಿಕೊಂಡದ್ದೂ ಇದೇ ಎಚ್ಚರಿಕೆಯಲ್ಲವೇ?

ಈ ನಿಬಂಧನೆಯ ಕಟ್ಟನ್ನು ಮೀರಿ ಗ್ರಂಥವನ್ನು ಹೊರತಂದ ಕಾರ್ಯದಲ್ಲಿ ಒಬ್ಬ ಸ್ತ್ರೀಯ ಪಾತ್ರವಿದೆ. ಗಜಪತಿ ಉಪಾಧ್ಯಾಯರು ತಮಗೆ ಒಪ್ಪಿಸಿದ ಕೆಲಸದ ಜೊತೆಗೆ ಗುಪ್ತವಾಗಿ ಒಂದು ಕನ್ನಡ ಪ್ರತಿಯನ್ನೂ ಸಿದ್ಧಪಡಿಸಿಕೊಂಡರು. ಈ ಕಾರ್ಯದಲ್ಲಿ ವಿಶೇಷ ಹಸ್ತವಿದ್ದುದು ಅವರ ಪತ್ನಿ, ವಿದುಷಿ ಲಕ್ಷ್ಮೀಬಾಯಿಯವರದು. ಈ ಗ್ರಂಥಗಳ ಪಠನ ಪಾಠನ ಲೋಕದಲ್ಲಿ ಹರಡಬೇಕೆಂಬ ತೀವ್ರ ಇಚ್ಛೆ ಆಕೆಗಿತ್ತೆಂದು ಹೀರಾಲಾಲ ಜೈನರು ಷಟ್ಖಂಡಾಗಮದ ಪ್ರಥಮ ಸಂಪುಟದ ಪ್ರಸ್ತಾವನೆಯಲ್ಲಿ ದಾಖಲಿಸಿದ್ದಾರೆ. ಆಕೆಯ ವಿಷಯವಾಗಿ ವಿದ್ವಲ್ಲೋಕಕ್ಕೆ ದೊರೆತ ಮುಖ್ಯ ಮಾತು ಇಷ್ಟೇ. ಆದರೆ ಇದರ ಭಾರ ಕಡಿಮೆಯದಲ್ಲ. ಓಲೆಯ ಹಳಗನ್ನಡ ಲಿಪಿ, ಪ್ರಾಕೃತ ಸಂಸ್ಕೃತ ಮಿಶ್ರವಾದ ಟೀಕೆ, ಸಾವಿರಾರು ಶ್ಲೋಕಪ್ರಮಾಣದ ವಿಸ್ತಾರ, ಜೊತೆಗೆ ಯಾರಿಗೂ ತಿಳಿಯದಂತೆ ಮಾಡಬೇಕಾದ ಅವಸ್ಥೆ. ಅಂತಹ ಕೆಲಸದಲ್ಲಿ ವಿಶೇಷ ಹಸ್ತವೆನಿಸಿಕೊಳ್ಳಲು ಕೇವಲ ಗೃಹಿಣಿಯ ಸಹಾಯ ಸಾಲದು. ಅಕ್ಷರಜ್ಞಾನ, ಸಹನೆ, ಗ್ರಂಥದ ಬೆಲೆಯನ್ನು ಬಲ್ಲ ಬುದ್ಧಿ ಮೂರೂ ಬೇಕು.

ಗಜಪತಿಗಳು ಈ ಪ್ರತಿಯನ್ನು ಮೊದಲು ಒಯ್ದುದು ಸೊಲ್ಲಾಪುರಕ್ಕೆ. ಹೀರಾಚಂದರೂ ಮಾಣಿಕಚಂದ್ರರೂ ಅದನ್ನು ಕೊಳ್ಳಲು ಒಪ್ಪಲಿಲ್ಲ. ಕೊನೆಗೆ 1915ರಲ್ಲಿ ಸಹಾರನಪುರದ ಲಾಲಾ ಜಂಬೂಪ್ರಸಾದರು ಅದನ್ನು ಪಡೆದು ತಮ್ಮ ಮಂದಿರದಲ್ಲಿ ಇರಿಸಿದರು. ಅದನ್ನು ನಾಗರಿಗೆ ಇಳಿಸಿಕೊಡುವೆನೆಂದು ಮಾತು ಕೊಟ್ಟಿದ್ದ ಗಜಪತಿಗಳಿಗೆ ಆ ಮಾತನ್ನು ನಡೆಸಿಕೊಡಲಾಗಲಿಲ್ಲ. ಉತ್ತರದೇಶದಲ್ಲಿ ಕನ್ನಡ ಲಿಪಿಯನ್ನು ಓದುವವರಿಲ್ಲ. ಆಗ ಪಂಡಿತ ವಿಜಯಚಂದ್ರಯ್ಯನವರು ಓದಿ, ಪಂಡಿತ ಸೀತಾರಾಮ ಶಾಸ್ತ್ರಿಗಳು ಬರೆದು, 1916ರಿಂದ 1923ರವರೆಗೆ ಏಳು ವರ್ಷಗಳಲ್ಲಿ ನಾಗರೀಪ್ರತಿ ಸಿದ್ಧವಾಯಿತು. ಶಾಸ್ತ್ರಿಗಳೂ ತಮಗೊಂದು ಪ್ರತಿಯನ್ನು ಇಟ್ಟುಕೊಂಡರು. ಅದರಿಂದ ಆರಾ, ಕಾರಂಜಾ, ಸಾಗರ, ಅಮರಾವತಿ ಮುಂತಾದ ಸ್ಥಳಗಳಿಗೆ ನಕಲುಗಳು ಹೋದವು. ಅಮರಾವತಿ, ಆರಾ, ಕಾರಂಜಾಗಳ ಪ್ರತಿಗಳನ್ನು ಆಧಾರವಾಗಿಟ್ಟುಕೊಂಡು ಹೀರಾಲಾಲ ಜೈನರು ಧವಲಾಸಹಿತ ಷಟ್ಖಂಡಾಗಮದ ಪ್ರಥಮ ಸಂಪುಟವನ್ನು 1939ರಲ್ಲಿ ಅಮರಾವತಿಯಿಂದ ಪ್ರಕಟಿಸಿದರು. ಮುಂದಿನ ಎರಡು ದಶಕಗಳಲ್ಲಿ 16 ಸಂಪುಟಗಳಲ್ಲಿ ಆ ಮಹಾಕಾರ್ಯ ಮುಗಿಯಿತು. ಬೆಳಗಾವಿ ಸೀಮೆಯ ಸದಲಗೆಯವರಾದ ಡಾ. ಆ. ನೇ. ಉಪಾಧ್ಯೆಯವರ ಸಹಕಾರವೂ ಅದಕ್ಕಿತ್ತು.

ಈ ಸರಣಿಯನ್ನು ಹಿಂದುಮುಂದಾಗಿ ನೋಡಿದರೆ ಸಂಗತಿ ಸ್ಪಷ್ಟವಾಗುತ್ತದೆ. ಅಚ್ಚಿನ ಪುಟಕ್ಕೆ ಮೂಲ ಅಮರಾವತಿ, ಆರಾ, ಕಾರಂಜಾಗಳ ಪ್ರತಿಗಳು. ಅವಕ್ಕೆ ಮೂಲ ಸಹಾರನಪುರದಲ್ಲಿ ಸಿದ್ಧವಾದ ನಾಗರೀಪ್ರತಿ. ಅದಕ್ಕೆ ಮೂಲ ಲಕ್ಷ್ಮೀಬಾಯಿಯವರ ಕೈಯಿದ್ದ ಕನ್ನಡ ಪ್ರತಿ. ಅದಕ್ಕೆ ಮೂಲ ಮೂಡಬಿದಿರೆಯ ಓಲೆ. ಆ ಓಲೆಯ ಪರಂಪರೆಯಲ್ಲಿ ಎದ್ದು ಕಾಣುವ ಹೆಸರು ದೇಮಿಯಕ್ಕನದು. ಪುರುಷರ ವಿದ್ವತ್ತಿನಿಂದ ರಚಿತವಾಗಿ ಪುರುಷರ ವಿದ್ವತ್ತಿನಿಂದ ಸಂಪಾದಿತವಾದ ಗ್ರಂಥವು ಎರಡು ಸಂಧಿಕಾಲಗಳಲ್ಲಿ, ಮುನಿಸಂಘಕ್ಕೆ ಸಲ್ಲುವಾಗ ಒಮ್ಮೆ, ಲೋಕಕ್ಕೆ ಸಲ್ಲುವಾಗ ಮತ್ತೊಮ್ಮೆ, ಸ್ತ್ರೀಯರ ಸಂಕಲ್ಪವನ್ನು ಅವಲಂಬಿಸಿತ್ತು.

ಇಲ್ಲಿ ಒಂದು ಧರ್ಮಸೂಕ್ಷ್ಮವಿದೆ. ಒಪ್ಪಂದಕ್ಕೆ ವಿರುದ್ಧವಾಗಿ ಗುಪ್ತವಾಗಿ ಮಾಡಿದ ನಕಲು ಅಚೌರ್ಯವ್ರತದ ದೃಷ್ಟಿಯಲ್ಲಿ ನಿರ್ದೋಷವೆನ್ನಲು ಸಾಧ್ಯವಿಲ್ಲ. ಸೇಠರಿಬ್ಬರೂ ಅದನ್ನು ಸ್ವೀಕರಿಸದೆ ಹೋದುದನ್ನು ಆಕ್ಷೇಪಿಸುವಂತೆಯೂ ಇಲ್ಲ. ಇನ್ನೊಂದು ಕಡೆ, ಶಾಸ್ತ್ರವನ್ನು ಬಚ್ಚಿಡುವುದು ಜ್ಞಾನಾವರಣ ಕರ್ಮದ ಆಸ್ರವಕ್ಕೆ ಕಾರಣವೆಂದು ತತ್ತ್ವಾರ್ಥಸೂತ್ರವೇ ಹೇಳುತ್ತದೆ. ಲಕ್ಷ್ಮೀಬಾಯಿಯವರ ಕಾರ್ಯವನ್ನು ದೇಮಿಯಕ್ಕನ ದಾನದೊಡನೆ ಸಮನಾಗಿ ತೂಗುವುದು ಬೇಡ. ಒಂದು ಸಂಘದ ಸಮಕ್ಷದಲ್ಲಿ ನಡೆದುದು, ಇನ್ನೊಂದು ಮರೆಯಲ್ಲಿ ನಡೆದುದು. ಆದರೆ ಆ ಮರೆಯ ಕಾರಣವಾಗಿಯೇ ಒಂದಕ್ಕೆ ಪ್ರಶಸ್ತಿ ದೊರೆತು ಇನ್ನೊಂದಕ್ಕೆ ಪ್ರಸ್ತಾವನೆಯ ಒಂದು ವಾಕ್ಯ ಮಾತ್ರ ದೊರೆಯಿತೆಂಬುದನ್ನು ಚರಿತ್ರಕಾರನು ಗಮನಿಸಲೇಬೇಕು.

5

ನಕಲಿನ ಪರಂಪರೆಯನ್ನು ಹೊಗಳುವಾಗ ಅದರ ಅಪಾಯವನ್ನೂ ಹೇಳಬೇಕಾಗುತ್ತದೆ. ಇದಕ್ಕೆ ಸತ್ಪ್ರರೂಪಣೆಯ 93ನೆಯ ಸೂತ್ರಕ್ಕಿಂತ ಉತ್ತಮವಾದ ನಿದರ್ಶನವಿಲ್ಲ. ಇದು ಮನುಷ್ಯಿಣಿಯರ, ಎಂದರೆ ಮಾನುಷಿಯರ, ಗುಣಸ್ಥಾನಗಳನ್ನು ಹೇಳುವ ಸೂತ್ರ. ಸಂಪಾದಕರ ಮುಂದಿದ್ದ ನಾಗರೀಪ್ರತಿಗಳಲ್ಲಿ ಇದರಲ್ಲಿ 'ಸಂಜದ' ಎಂಬ ಪದವಿರಲಿಲ್ಲ. ಟೀಕೆಯ ಅಭಿಪ್ರಾಯವನ್ನು ಪರಿಶೀಲಿಸಿದ ಸಂಪಾದಕರು, ಇಲ್ಲಿ ಆ ಪದ ಬಿಟ್ಟುಹೋದಂತೆ ತೋರುತ್ತದೆಂದು ಪ್ರಥಮ ಸಂಪುಟದ ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಮೂಲದಲ್ಲಿಲ್ಲದ ಪದವನ್ನು ಸೇರಿಸುವ ಈ ಸೂಚನೆಯ ಮೇಲೆ ವಿದ್ವಾಂಸರಲ್ಲಿ ದೀರ್ಘವಾದ ವಾದ ನಡೆಯಿತು. ಅಷ್ಟರಲ್ಲಿ ಮೂಡಬಿದಿರೆಯವರು ಉದಾರವಾಗಿ ತಾಡಪತ್ರಗಳೊಡನೆ ಪಾಠವನ್ನು ತಾಳೆನೋಡಲು ಅವಕಾಶವಿತ್ತರು. ಪಂಡಿತ ಲೋಕನಾಥ ಶಾಸ್ತ್ರಿಗಳು ಈ ಕಾರ್ಯದಲ್ಲಿ ನೆರವಾದರು. ಓಲೆಯಲ್ಲಿ ಆ ಪದ ಇದ್ದೇ ಇತ್ತು.

ಆ ಪದದ ಅನ್ವಯ ದ್ರವ್ಯವೇದಕ್ಕೋ ಭಾವವೇದಕ್ಕೋ ಎಂಬುದು ಸಿದ್ಧಾಂತದ ಪ್ರಶ್ನೆ. ದಿಗಂಬರಾಮ್ನಾಯದ ವಿದ್ವಾಂಸರು ಅದನ್ನು ಭಾವವೇದದ ಅಪೇಕ್ಷೆಯಿಂದ ವಿವರಿಸಿದ್ದಾರೆ. ಅದರ ನಿರ್ಣಯ ಪ್ರಸ್ತುತ ವಿಷಯವಲ್ಲ. ಹಸ್ತಪ್ರತಿಶಾಸ್ತ್ರದ ದೃಷ್ಟಿಯಿಂದ ಎರಡು ಮಾತುಗಳು ಸಾಕು. ನಕಲಿನ ಯಾವುದೋ ಹಂತದಲ್ಲಿ ಕೈತಪ್ಪಿದ ಒಂದು ಪದವನ್ನು ಅಚ್ಚು ನೂರಾರು ಪ್ರತಿಗಳಲ್ಲಿ ತಪ್ಪಾಗಿಯೇ ಹರಡಿತು, ಇದು ಮೊದಲನೆಯದು. ಆ ತಪ್ಪನ್ನು ತಿದ್ದಲು ಮತ್ತೆ ಓಲೆಯ ಬಳಿಗೇ ಹೋಗಬೇಕಾಯಿತು, ಇದು ಎರಡನೆಯದು. ಸಂಪಾದಕರು ಬಿಟ್ಟ ಸ್ಥಳವನ್ನು ಗುರುತಿಸಿದರು. ಲಕ್ಷ್ಮೀಬಾಯಿಯವರ ಪ್ರತಿಯಿಲ್ಲದಿದ್ದರೆ ಪ್ರಶ್ನೆಯೇ ಏಳುತ್ತಿರಲಿಲ್ಲ. ದೇಮಿಯಕ್ಕನಂಥವರು ಬರೆಯಿಸಿದ ಓಲೆಯಿಲ್ಲದಿದ್ದರೆ ಉತ್ತರವೇ ದೊರೆಯುತ್ತಿರಲಿಲ್ಲ. ಮನುಷ್ಯಿಣಿಯರ ವಿಷಯವನ್ನೇ ಹೇಳುವ ಸೂತ್ರದ ಶುದ್ಧಪಾಠವನ್ನು ಶ್ರಾವಿಕೆಯರ ಶಾಸ್ತ್ರದಾನದಿಂದ ಉಳಿದುಬಂದ ಓಲೆಗಳೇ ಕಾಪಾಡಿದುವೆಂಬುದು ನೆನಪಿನಲ್ಲಿಡತಕ್ಕ ಸಂಗತಿ.

6

ಮಹಾಬಂಧದ ಮುದ್ರಣದ ಕಥೆ ಈ ವಿಷಯಕ್ಕೆ ಒಂದು ಸಮಾಪ್ತಿಯನ್ನು ಒದಗಿಸುತ್ತದೆ. 1944ರಲ್ಲಿ ಸಾಹು ಶಾಂತಿಪ್ರಸಾದ ಜೈನರು ಭಾರತೀಯ ಜ್ಞಾನಪೀಠವನ್ನು ಸ್ಥಾಪಿಸಿದರು. ಅವರ ಪತ್ನಿ ರಮಾ ಜೈನ್ ಅವರು ಅದರ ಅಧ್ಯಕ್ಷೆಯಾದರು. ಶಾಂತಿಪ್ರಸಾದರ ತಾಯಿ ಮೂರ್ತಿದೇವಿಯವರ ಸ್ಮರಣಾರ್ಥವಾಗಿ ಮೂರ್ತಿದೇವಿ ಗ್ರಂಥಮಾಲೆ ಹುಟ್ಟಿತು. ಮಹಾಬಂಧದ ಪ್ರಥಮ ಸಂಪುಟ 1947ರಲ್ಲಿ ಪಂಡಿತ ಸುಮೇರುಚಂದ್ರ ದಿವಾಕರರ ಸಂಪಾದಕತ್ವದಲ್ಲಿ ಈ ಮಾಲೆಯಲ್ಲಿ ಹೊರಬಂದಿತು. ಮಲ್ಲಿಕಬ್ಬೆ ಓಲೆಯಲ್ಲಿ ಬರೆಯಿಸಿ ಮುನಿಗೆ ಕೊಟ್ಟ ಗ್ರಂಥವು ಮೂರ್ತಿದೇವಿಯ ಹೆಸರಿನ ಮಾಲೆಯಲ್ಲಿ ಅಚ್ಚಾಗಿ ಜನತೆಗೆ ಸಂದಿತು. ಸಾಧನ ಬದಲಾಯಿತು, ಶಾಸ್ತ್ರದಾನವೆಂಬ ಭಾವ ಬದಲಾಗಲಿಲ್ಲ. ಅದೇ ಜ್ಞಾನಪೀಠದಿಂದ 1948ರಲ್ಲಿ ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳ ಕನ್ನಡ ಪ್ರಾಂತದ ತಾಡಪತ್ರ ಗ್ರಂಥಸೂಚಿಯೂ ಪ್ರಕಟವಾಯಿತು. ಮೂಡಬಿದಿರೆ ಮೊದಲಾದೆಡೆಗಳ ಭಂಡಾರಗಳಲ್ಲಿ ಏನಿದೆಯೆಂಬುದನ್ನು ಹೊರಗಿನವರಿಗೆ ತಿಳಿಸಿದ ಮಹತ್ವದ ಕೃತಿಯದು.

ಆದರೂ ಒಂದು ಕೊರತೆ ಉಳಿದಿದೆ. ಓಲೆಗೆ ಕೊನೆಯ ಗರಿಯಿತ್ತು. ಅಚ್ಚಿನ ಪುಸ್ತಕಕ್ಕೆ ಮುಖಪುಟ ಬಂದಿತು. ಮುಖಪುಟದಲ್ಲಿ ಕರ್ತೃ, ಸಂಪಾದಕ, ಪ್ರಕಾಶಕ, ಮುದ್ರಕ ಇವರಿಗೆ ಸ್ಥಳವಿದೆ. ಮೂಲಪ್ರತಿಯನ್ನು ಬರೆಯಿಸಿದವರಿಗೆ ಇಲ್ಲ. ಅನೇಕ ಸಂಪಾದಕರು ಲಿಪಿಕಾರಪ್ರಶಸ್ತಿಯನ್ನು ಗ್ರಂಥಭಾಗವಲ್ಲವೆಂದು ತಿಳಿದು ಬಿಟ್ಟುಬಿಡುತ್ತಾರೆ. ಇಲ್ಲವೆ 'ಕೊನೆಯಲ್ಲಿ ಪ್ರತಿಕಾರನ ಕೆಲವು ಪದ್ಯಗಳಿವೆ' ಎಂದು ಸೂಚಿಸಿ ಮುಂದೆ ಹೋಗುತ್ತಾರೆ. ಕಾವ್ಯದ ದೃಷ್ಟಿಯಿಂದ ಇದು ಸರಿಯಿರಬಹುದು. ಚರಿತ್ರೆಯ ದೃಷ್ಟಿಯಿಂದ ಇದು ನಷ್ಟ. ಓಲೆ ಶತಮಾನಗಳ ಕಾಲ ಹೊತ್ತುತಂದ ಹೆಸರನ್ನು ಅಚ್ಚು ಒಂದೇ ದಿನದಲ್ಲಿ ಇಳಿಸಿಬಿಡುತ್ತದೆ. ಹೀಗೆ ಇಳಿಸಿಬಿಟ್ಟ ಹೆಸರುಗಳಲ್ಲಿ ಸ್ತ್ರೀಯರವು ಬಹಳ. ಏಕೆಂದರೆ ಕರ್ತೃಗಳ ಸಾಲಿನಲ್ಲಿ ಅವರಿಗೆ ಎಡೆಯಿದ್ದುದು ಅಪರೂಪ. ಬರೆಯಿಸಿದವರ ಸಾಲು ಹೋದರೆ ಗ್ರಂಥಚರಿತ್ರೆಯಲ್ಲಿ ಅವರಿಗಿದ್ದ ಎಡೆಯೇ ಹೋದಂತೆ.

ಈ ಕೊರತೆಯ ಪರಿಹಾರ ಕಷ್ಟಸಾಧ್ಯವಲ್ಲ. ಹಸ್ತಪ್ರತಿಸೂಚಿಗಳಲ್ಲಿ 'ಬರೆದವರು' ಎಂಬ ಅಂಕಣದ ಪಕ್ಕದಲ್ಲಿ 'ಬರೆಯಿಸಿದವರು' ಎಂಬ ಅಂಕಣವೂ, ನಿಮಿತ್ತವಾದ ವ್ರತ ಹಾಗೂ ದಾನಪಾತ್ರರ ಉಲ್ಲೇಖವೂ ಇರತಕ್ಕದ್ದು. ಗ್ರಂಥಸಂಪಾದನೆಯಲ್ಲಿ ಪ್ರತಿಯೊಂದು ಪ್ರತಿಯ ಪ್ರಶಸ್ತಿಯನ್ನೂ ಪುಷ್ಪಿಕೆಯನ್ನೂ ಪೂರ್ಣವಾಗಿ ಅನುಬಂಧದಲ್ಲಿ ಕೊಡತಕ್ಕದ್ದು. ಪ್ರಶಸ್ತಿಗಳ ವ್ಯಕ್ತಿನಾಮಗಳನ್ನು ಶಾಸನಗಳ ನಾಮಗಳೊಡನೆ ಹೋಲಿಸತಕ್ಕದ್ದು. ದೇಮಿಯಕ್ಕನ ಕಾಲವನ್ನು ಗೊತ್ತುಹಚ್ಚಲು ಶ್ರವಣಬೆಳಗೊಳದ ಶಾಸನ ನೆರವಾದಂತೆ ಬೇರೆ ಹೆಸರುಗಳಿಗೂ ನೆರವು ದೊರೆಯುವುದು ಅಸಂಭವವಲ್ಲ. 19 ಮತ್ತು 20ನೆಯ ಶತಮಾನಗಳ ಕಾಗದದ ನಕಲುಗಳನ್ನೂ ಅರ್ವಾಚೀನವೆಂದು ಉಪೇಕ್ಷಿಸದೆ, ಅವುಗಳ ಹಿಂದಿನ ಕೈಗಳನ್ನು ಗುರುತಿಸತಕ್ಕದ್ದು. ಲಕ್ಷ್ಮೀಬಾಯಿಯಂಥವರ ನೆಲೆ ಅಲ್ಲಿಯೇ ಇದೆ.

ಎಡೆದೊರೆ ನಾಡಿನ ಮಾತು ಇಲ್ಲಿ ಪ್ರಸ್ತುತವಾಗುತ್ತದೆ. ಈ ಸೀಮೆಯ ಜೈನಚರಿತ್ರೆಯನ್ನು ವಿದ್ವಾಂಸರು ಹೆಚ್ಚಾಗಿ ಶಿಲೆಯಲ್ಲಿ ಹುಡುಕಿದ್ದಾರೆ. 1915ರಲ್ಲಿ ಮಸ್ಕಿಯಲ್ಲಿ ಅಶೋಕನ ಹೆಸರುಳ್ಳ ಶಾಸನ ದೊರೆತ ಮೇಲಂತೂ ಕಲ್ಲಿನ ಕಡೆಗೇ ಎಲ್ಲರ ಗಮನ. ಆದರೆ ಗ್ರಂಥಚರಿತ್ರೆಗೆ ಕಲ್ಲಿನಷ್ಟೇ ಗರಿಯೂ ಮುಖ್ಯ. ಸಾಲಗುಂದದಂತಹ ಊರುಗಳಲ್ಲಿ, ಸಿಂಧನೂರು ಲಿಂಗಸುಗೂರುಗಳ ಹಳೆಯ ಮನೆಗಳಲ್ಲಿ, ಯಾವ ಮತದವರ ಅಟ್ಟದ ಮೇಲಾದರೂ ಒಂದು ಓಲೆಕಟ್ಟು ಕಣ್ಣಿಗೆ ಬಿದ್ದರೆ, ಶೋಧಕರು ಮೊದಲ ಗರಿಯಲ್ಲಿ ಗ್ರಂಥದ ಹೆಸರನ್ನು ನೋಡಿ ತೃಪ್ತರಾಗಬಾರದು. ಕೊನೆಯ ಗರಿಯನ್ನು ಬಿಡಿಸಿ, ಯಾರು ನೋಂತು ಬರೆಯಿಸಿದರೆಂಬುದನ್ನು ಓದಿಯೇ ಕಟ್ಟನ್ನು ಮತ್ತೆ ಕಟ್ಟಬೇಕು.

ಶ್ರುತಪಂಚಮಿಯಂದು ಬಸದಿಗಳಲ್ಲಿ ಇಂದು ಪೂಜೆಗೊಳ್ಳುವ ಶಾಸ್ತ್ರ ಬಹುಪಾಲು ಅಚ್ಚಿನ ಪುಸ್ತಕವೇ. ಆ ದಿನ ಪುಷ್ಪದಂತ ಭೂತಬಲಿಗಳನ್ನೂ ವೀರಸೇನ ಜಿನಸೇನರನ್ನೂ ಸ್ಮರಿಸುವುದು ಪದ್ಧತಿ. ಅತ್ತಿಮಬ್ಬೆ, ದೇಮಿಯಕ್ಕ, ಮಲ್ಲಿಕಬ್ಬೆ, ಲಕ್ಷ್ಮೀಬಾಯಿಯರ ಹೆಸರುಗಳನ್ನೂ ಅವರ ಸಾಲಿನ ಕೊನೆಯಲ್ಲಾದರೂ ಹೇಳಿದರೆ ಪದ್ಧತಿಗೆ ಲೋಪವಾಗದು, ಶ್ರುತದ ಋಣ ಅಷ್ಟರಮಟ್ಟಿಗೆ ತೀರುತ್ತದೆ.